ನೆಲ ಡೊಂಕೋ, ಕಾಲು ಡೊಂಕೋ: ಹ್ಯೂಮನ್ ಪರ್ಫಾರ್ಮೆನ್ಸ್ ಟೆಕ್ನಾಲಜಿ ಕಟ್ಟಿದವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿ, ಎಲ್ಲಿ ಕೆಲಸ ಕೆಟ್ಟರೂ ಇದೇ ಧಾಟಿಯಲ್ಲಿ ತೀರ್ಪು ಬರುತ್ತದೆ: ಕೆಲಸ ಮಾಡುವವರಿಗೆ ಬರುವುದಿಲ್ಲ, ಟ್ರೈನಿಂಗ್ ಕೊಡಿ. 1960ರ ದಶಕದಿಂದ ಈಚೆಗೆ ಅಮೆರಿಕದ ಕೆಲವು ಮನಃಶಾಸ್ತ್ರಜ್ಞರು, ಮೇಷ್ಟ್ರುಗಳು, ಕನ್ಸಲ್ಟೆಂಟುಗಳು ಸೇರಿ ಈ ತೀರ್ಪನ್ನು ಪ್ರಶ್ನಿಸಿದರು. ಕಾಲನ್ನು ಬೈಯುವ ಮುನ್ನ ನೆಲವನ್ನು ಅಳೆದು ನೋಡಿ ಅಂದರು, ಅಳೆಯುವ ವಿಧಾನವನ್ನೂ ಹೇಳಿಕೊಟ್ಟರು. ಹದಿನೆಂಟು ವರ್ಷ ಕಾರ್ಖಾನೆಗಳ ತರಬೇತಿ ವಿಭಾಗದಲ್ಲಿ ದುಡಿದ ನನಗೆ ಇವರಿಂದ ಸಿಕ್ಕ ಉಪಕಾರ ದೊಡ್ಡದು. ಹೊಸದಾಗಿ ಈ ಕೆಲಸಕ್ಕೆ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿ ಉತ್ತರಿಸಿದ್ದೇನೆ.

ಮೊದಲಿಗೆ, ಹ್ಯೂಮನ್ ಪರ್ಫಾರ್ಮೆನ್ಸ್ ಟೆಕ್ನಾಲಜಿ ಅಂದರೆ ಏನು? ಯಾವುದಾದರೂ ಯಂತ್ರವೇ, ಸಾಫ್ಟ್‌ವೇರೇ?

ಎರಡೂ ಅಲ್ಲ. ಇಲ್ಲಿ ಟೆಕ್ನಾಲಜಿ ಎಂದರೆ ಶಾಸ್ತ್ರದ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚುವ ಕ್ರಮ. ಜನ ಒಂದು ಜಾಗದಲ್ಲಿ ಮಾಡಬೇಕಾದ ಕೆಲಸಕ್ಕೂ ಮಾಡುತ್ತಿರುವ ಕೆಲಸಕ್ಕೂ ಎಷ್ಟು ಅಂತರವಿದೆ, ಅದಕ್ಕೆ ಕಾರಣವೇನು, ಕಡಿಮೆ ಖರ್ಚಿನಲ್ಲಿ ಅದನ್ನು ಮುಚ್ಚುವುದು ಹೇಗೆ, ಮುಚ್ಚಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ: ಇಷ್ಟನ್ನು ಈ ಅನುಕ್ರಮದಲ್ಲೇ ಕೇಳುವ ಶಿಸ್ತಿಗೆ ಆ ಹೆಸರು. ಬಳಕೆಯಲ್ಲಿ ಎಚ್‌ಪಿಟಿ ಅನ್ನುತ್ತಾರೆ. ಈಚೆಗೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಅನ್ನುವವರೇ ಹೆಚ್ಚು.

ಕ್ರೀಡಾಪಟುಗಳು ಕೈಗೆ ಕಟ್ಟಿಕೊಳ್ಳುವ ಸಾಧನ, ಸೈನಿಕರ ದೇಹಶಕ್ತಿ ಹೆಚ್ಚಿಸುವ ಸಂಶೋಧನೆ, ಇದಕ್ಕೂ ಅದೇ ಹೆಸರಿದೆಯಲ್ಲ?

ಹೆಸರು ಒಂದೇ, ದಾರಿ ಬೇರೆ. ಈ ಬರಹ ಕೆಲಸದ ಜಾಗದ ಕುರಿತದ್ದು.

ಇದು ಶುರುವಾಗಿದ್ದು ಎಲ್ಲಿ?

ಒಂದು ಗಣಿತದ ತರಗತಿಯಲ್ಲಿ ಎನ್ನಬಹುದು. 1953ರ ನವೆಂಬರ್‌ನಲ್ಲಿ ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳು ಓದುತ್ತಿದ್ದ ನಾಲ್ಕನೇ ತರಗತಿಗೆ ಹೋಗಿ ಹಿಂದೆ ಕೂತರು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಕೆಲವರು ಬೇಗ ಮುಗಿಸಿ ಬೇಸರದಿಂದ ಕೂತಿದ್ದರು, ಕೆಲವರು ಒದ್ದಾಡುತ್ತಿದ್ದರು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಯಾವ ಮಗುವಿಗೂ ಆ ಕ್ಷಣಕ್ಕೆ ತಿಳಿಯುತ್ತಿರಲಿಲ್ಲ. ಮೇಷ್ಟ್ರ ತಪ್ಪೇನೂ ಅಲ್ಲ, ಅಷ್ಟು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಏರ್ಪಾಡೇ ಹಾಗಿತ್ತು. ಸ್ಕಿನ್ನರ್ ಮನೆಗೆ ಬಂದು ಕಲಿಸುವ ಯಂತ್ರವೊಂದನ್ನು ತಯಾರಿಸಲು ಕೂತರು. ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಉತ್ತರ ಬರೆಸಿ, ಕೂಡಲೇ ಸರಿ ತಪ್ಪು ತಿಳಿಸುವ ಕ್ರಮ ಅದರಿಂದ ಬೆಳೆಯಿತು. ಅದಕ್ಕೆ ಪ್ರೋಗ್ರಾಮ್ಡ್ ಇನ್‌ಸ್ಟ್ರಕ್ಷನ್ ಎಂದು ಹೆಸರಾಯಿತು.

ಈ ಕ್ರಮವನ್ನು ನಂಬಿದವರು 1962ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಸಂಘ ಕಟ್ಟಿದರು, ನ್ಯಾಷನಲ್ ಸೊಸೈಟಿ ಫಾರ್ ಪ್ರೋಗ್ರಾಮ್ಡ್ ಇನ್‌ಸ್ಟ್ರಕ್ಷನ್. ಕೆಲವೇ ವರ್ಷಗಳಲ್ಲಿ ಅವರಿಗೆ ಒಂದು ಕಷ್ಟ ಎದುರಾಯಿತು. ಪಾಠ ಚೆನ್ನಾಗಿತ್ತು, ಪರೀಕ್ಷೆಯಲ್ಲಿ ಎಲ್ಲರೂ ಪಾಸಾಗುತ್ತಿದ್ದರು, ಕೆಲಸದ ಜಾಗಕ್ಕೆ ಹಿಂತಿರುಗಿದ ಮೇಲೆ ಮಾತ್ರ ಹಳೆಯ ಕಥೆಯೇ. ಕಲಿಸುವುದನ್ನು ಇನ್ನಷ್ಟು ಚೆನ್ನಾಗಿ ಮಾಡಿದರೆ ಸಾಲದು ಎಂದು ಒಪ್ಪಿಕೊಳ್ಳುವುದು ಕಲಿಸುವವರಿಗೆ ಸುಲಭದ ಮಾತಲ್ಲ. ಅವರು ಒಪ್ಪಿಕೊಂಡರು. ಆ ಸಂಘದ ಹೆಸರೇ ಕಾಲಕ್ರಮದಲ್ಲಿ ಬದಲಾಗುತ್ತ ಬಂದು ಇಂಟರ್‌ನ್ಯಾಷನಲ್ ಸೊಸೈಟಿ ಫಾರ್ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್, ಚಿಕ್ಕದಾಗಿ ಐಎಸ್‌ಪಿಐ, ಎಂದಾಯಿತು.

ಒಬ್ಬರನ್ನು ಮಾತ್ರ ಓದಲು ಸಮಯವಿದೆ. ಯಾರನ್ನು ಓದಲಿ?

ಥಾಮಸ್ ಗಿಲ್ಬರ್ಟ್. ಈ ಕ್ಷೇತ್ರದ ಮೂಲಪುರುಷ ಎಂದು ಎಲ್ಲರೂ ಒಪ್ಪುವ ಹೆಸರು. 1927ರಲ್ಲಿ ಹುಟ್ಟಿ 1995ರಲ್ಲಿ ತೀರಿಕೊಂಡರು. ಸ್ಕಿನ್ನರ್ ಪ್ರಭಾವದಲ್ಲೇ ಬೆಳೆದು, ಆಮೇಲೆ ತಮ್ಮದೇ ದಾರಿ ಹಿಡಿದರು. 1978ರಲ್ಲಿ ಬಂದ ಅವರ 'ಹ್ಯೂಮನ್ ಕಾಂಪಿಟೆನ್ಸ್' ಪುಸ್ತಕ ಓದಲು ಹಗುರವಲ್ಲ. ಆದರೂ ಕೂತು ಓದಿ, ಪ್ರತಿ ಅಧ್ಯಾಯದಲ್ಲೂ ಒಂದಾದರೂ ವಾಕ್ಯ ನಿಮ್ಮ ಕಚೇರಿಯನ್ನೇ ಕಂಡು ಬರೆದಂತಿರುತ್ತದೆ.

ಅವರ ಮೊದಲ ಪಾಠ: ಕೆಲಸ ಮಾಡುವುದು ಬೇರೆ, ಕೆಲಸದಿಂದ ಆಗುವುದು ಬೇರೆ. ಒಬ್ಬ ಗುಮಾಸ್ತ ಬೆಳಗಿನಿಂದ ಸಂಜೆವರೆಗೆ ಕಡತದಲ್ಲಿ ಮುಳುಗಿರುವುದು ವರ್ತನೆ. ಸಂಜೆಗೆ ಎಷ್ಟು ಅರ್ಜಿ ತೀರ್ಮಾನವಾಗಿ ಜನರ ಕೈ ಸೇರಿತು ಎಂಬುದು ಸಾಧನೆ. ನಾವು ಬೆವರನ್ನು ನೋಡಿ ಮೆಚ್ಚುತ್ತೇವೆ, ಓದಿಕೊಂಡಿರುವುದನ್ನು ನೋಡಿ ಮೆಚ್ಚುತ್ತೇವೆ, ಹುಮ್ಮಸ್ಸನ್ನು ನೋಡಿ ಮೆಚ್ಚುತ್ತೇವೆ. ಕೊನೆಗೆ ಏನಾಯಿತು ಎಂದು ಕೇಳುವುದೇ ಇಲ್ಲ ಎಂಬುದು ಅವರ ದೂರು. ಸಾಧನೆಯ ಬೆಲೆಯನ್ನು ಅದಕ್ಕೆ ತಗುಲಿದ ವೆಚ್ಚದಿಂದ ಭಾಗಿಸಿ ನೋಡಿ, ಅದೇ ಯೋಗ್ಯ ಕೆಲಸದ ಅಳತೆ ಎಂದರು. ಹಾಗೆ ನೋಡಿದರೆ ಕಡಿಮೆ ಬೆವರಿನಲ್ಲಿ ಹೆಚ್ಚು ಆಗುವಂತೆ ಮಾಡುವುದೇ ಜಾಣತನ.

ಎರಡನೆಯದು ಅವರ ಆರು ಪೆಟ್ಟಿಗೆಗಳು, ಅಂದರೆ ಕೆಲಸ ಚೆನ್ನಾಗಿ ಆಗಲು ಬೇಕಾದ ಆರು ಸಂಗತಿಗಳನ್ನು ಎರಡು ಸಾಲಿನಲ್ಲಿ ಜೋಡಿಸಿದ ಪಟ್ಟಿ. ಮೇಲಿನ ಸಾಲಿನ ಮೂರು ಕೆಲಸದ ಪರಿಸರಕ್ಕೆ ಸೇರಿದವು: ಏನು ಮಾಡಬೇಕು, ಹೇಗೆ ಆಗುತ್ತಿದೆ ಎಂಬ ಮಾಹಿತಿ, ಕೈಗೆ ಒಗ್ಗುವ ಸಲಕರಣೆ, ಚೆನ್ನಾಗಿ ಮಾಡಿದರೆ ಸಿಗುವ ಪ್ರತಿಫಲ. ಕೆಳಗಿನ ಮೂರು ಮನುಷ್ಯನಿಗೆ ಸೇರಿದವು: ತಿಳಿವಳಿಕೆ, ಸಾಮರ್ಥ್ಯ, ಒಲವು. ಏನಾದರೂ ಕೆಟ್ಟರೆ ಮೇಲಿನ ಸಾಲಿನಿಂದ ಹುಡುಕುತ್ತ ಬನ್ನಿ ಎಂಬುದು ಅವರ ಕ್ರಮ. ಕಾರಣ ಸರಳ: ಪರಿಸರವನ್ನು ಸರಿಪಡಿಸುವುದು ಅಗ್ಗ, ಫಲ ದೊಡ್ಡದು. ಒಂದು ಪಟ್ಟಿ ಅಂಟಿಸುವುದು, ಒಂದು ದೀಪ ಬದಲಿಸುವುದು, ನಿನ್ನೆಯ ಲೆಕ್ಕವನ್ನು ಇವತ್ತು ತೋರಿಸುವುದು, ಇವಕ್ಕೆಲ್ಲ ಎಷ್ಟು ಖರ್ಚು? ಟ್ರೈನಿಂಗ್ ಸೇರುವುದು ನಾಲ್ಕನೇ ಪೆಟ್ಟಿಗೆಗೆ. ನಾವು ಮಾಡುವುದು ಅಲ್ಲಿಂದಲೇ ಶುರು.

ಗಿಲ್ಬರ್ಟ್ ಅವರದ್ದೂ ಒಂದು 'ಪಿಐಪಿ' ಇದೆಯಂತೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹಾಕುವ ಪಿಐಪಿ ಅದೇನಾ?

ಅಲ್ಲವೇ ಅಲ್ಲ. ಈ ಗೊಂದಲ ನಿವಾರಣೆಯಾಗಲೇಬೇಕು.

ಐಟಿಯಲ್ಲಿ ಪಿಐಪಿ ಅಂದರೆ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್. ಒಬ್ಬರ ಹೆಸರಿಗೆ ಒಂದು ಕಾಗದ ಬರುತ್ತದೆ, ಇಂತಿಷ್ಟು ದಿನದಲ್ಲಿ ಸುಧಾರಿಸಿಕೊಳ್ಳಿ ಎಂದು. ಆ ಕಾಗದ ಬಂದ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದನ್ನು ಅನುಭವಿಸಿದವರೇ ಬಲ್ಲರು. ಗಿಲ್ಬರ್ಟ್ ಹೇಳಿದ್ದು ಪೊಟೆನ್ಷಿಯಲ್ ಫಾರ್ ಇಂಪ್ರೂವಿಂಗ್ ಪರ್ಫಾರ್ಮೆನ್ಸ್, ಅಂದರೆ ಸುಧಾರಣೆಗೆ ಎಷ್ಟು ಅವಕಾಶವಿದೆ ಎಂಬ ಲೆಕ್ಕ. ಅತ್ಯುತ್ತಮವಾಗಿ ಮಾಡುವವರ ಫಲವನ್ನು ಸಾಮಾನ್ಯವಾಗಿ ಮಾಡುವವರ ಫಲದಿಂದ ಭಾಗಿಸಿ. ಒಂದು ಶಾಖೆಯಲ್ಲಿ ದಿನಕ್ಕೆ ಸರಾಸರಿ 20 ಅರ್ಜಿ ವಿಲೇವಾರಿಯಾಗುತ್ತದೆ, ಅದೇ ಕೆಲಸಕ್ಕೆ ಕೂತ ಒಬ್ಬರು 60 ಮುಗಿಸುತ್ತಾರೆ ಎಂದಿಟ್ಟುಕೊಳ್ಳಿ. ಲೆಕ್ಕ 3 ಬಂತು. ಉಳಿದವರು ದಡ್ಡರು ಎಂದು ಈ 3 ಹೇಳುವುದಿಲ್ಲ. ಆ ಒಬ್ಬರ ಬಳಿ ಏನೋ ಇದೆ, ಅದನ್ನು ಹುಡುಕಿ ಎಲ್ಲರಿಗೂ ಕೊಡಿ ಎಂದು ಹೇಳುತ್ತದೆ. ಹುಡುಕಿದರೆ ಬಹಳ ಸಲ ಸಿಗುವುದು ಪ್ರತಿಭೆಯಲ್ಲ, ಅವರೇ ಬರೆದಿಟ್ಟುಕೊಂಡ ಒಂದು ಚೀಟಿ, ಅಥವಾ ಅರ್ಜಿಗಳನ್ನು ಬೆಳಿಗ್ಗೆಯೇ ವಿಂಗಡಿಸಿಡುವ ಒಂದು ರೂಢಿ.

ಅಂತರ ದೊಡ್ಡದಿದ್ದಷ್ಟೂ ಭರವಸೆ ದೊಡ್ಡದು ಎಂದು ನೋಡಿದವರು ಗಿಲ್ಬರ್ಟ್. ಅದೇ ಮೂರಕ್ಷರ ಇವತ್ತು ಒಬ್ಬೊಬ್ಬರನ್ನೇ ಬೇರ್ಪಡಿಸಿ ಹೆದರಿಸುವ ಕಾಗದದ ಹೆಸರಾಗಿದೆ. ನನಗೆ ಇದು ನೋವಿನ ವಿಷಯ.

ಆರು ಪೆಟ್ಟಿಗೆ ಕೇಳಲು ಚೆಂದ. ಶಾಪ್ ಫ್ಲೋರ್‌ನಲ್ಲಿ ನಿಜಕ್ಕೂ ನಡೆಯುತ್ತದೆಯೇ?

ನಾನು ಕಂಡದ್ದನ್ನು ಹೇಳುತ್ತೇನೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ವೈರಿಂಗ್ ಜೋಡಿಸುವ ವಿಭಾಗವಿತ್ತು. ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ರಾತ್ರಿ ಪಾಳಿಯಲ್ಲಿ ಎರಡು ವೈರುಗಳು ಅದಲುಬದಲಾಗಿ ಪೀಸುಗಳು ವಾಪಸ್ ಬರುತ್ತಿದ್ದವು. ಮ್ಯಾನೇಜರ್ ನನ್ನನ್ನು ಕರೆದು ಟ್ರೈನಿಂಗ್ ಕೊಡಿ ಎಂದರು. ಕೊಟ್ಟೆ. ವೈರಿನ ಬಣ್ಣ, ಕನೆಕ್ಟರ್‌ನ ತೂತುಗಳ ನಂಬರು, ತಪ್ಪಿದರೆ ಆಗುವ ಅನಾಹುತ, ಎಲ್ಲ ಹೇಳಿಕೊಟ್ಟೆ. ಪರೀಕ್ಷೆಯಲ್ಲಿ ಎಲ್ಲರೂ ಪೂರ್ತಿ ಅಂಕ ತೆಗೆದರು. ತಪ್ಪು ನಿಲ್ಲಲಿಲ್ಲ. ಮತ್ತೆರಡು ಸಲ ತರಗತಿ ನಡೆಸಿದೆ. ಅಷ್ಟರಲ್ಲಿ ಇಬ್ಬರಿಗೆ ಮೆಮೊ ಹೋಗಿತ್ತು.

ಮೂರನೇ ತರಗತಿ ಮುಗಿದ ಮೇಲೆ ಹಿರಿಯ ಕೆಲಸಗಾರ್ತಿಯೊಬ್ಬರು ಮೆಲ್ಲಗೆ ಹೇಳಿದರು: "ಸಾರ್, ಕ್ಲಾಸು ಚೆನ್ನಾಗಿತ್ತು. ಒಂದ್ಸಲ ರಾತ್ರಿ ಹನ್ನೊಂದಕ್ಕೆ ಬಂದು ನನ್ ಸ್ಟೂಲ್ ಮೇಲೆ ಕೂತ್ಕೊಂಡ್ ನೋಡಿ."

ಹೋಗಿ ಕೂತೆ. ಮೇಲಿನ ಟ್ಯೂಬ್‌ಲೈಟ್ ಹಳತಾಗಿ ಮಂಕು ಹಳದಿ ಬೆಳಕು ಬೀಳುತ್ತಿತ್ತು. ಆ ಬೆಳಕಿನಲ್ಲಿ ಕಂದು ವೈರೂ ಕಡುಗೆಂಪು ವೈರೂ ನನ್ನ ಕಣ್ಣಿಗೆ ಒಂದೇ. ಎರಡರ ಡಬ್ಬಿಗಳು ಪಕ್ಕಪಕ್ಕದಲ್ಲೇ, ಎರಡೂ ನೀಲಿ ಡಬ್ಬಿ. ಯಾವ ವೈರು ಎಲ್ಲಿಗೆ ಎಂದು ತೋರಿಸುವ ಚಿತ್ರ ಕಂಬಕ್ಕೆ ಅಂಟಿಸಿತ್ತು, ಆ ಕಂಬ ಅವರ ಬೆನ್ನ ಹಿಂದೆ. ತಿರುಗಿ ನೋಡಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಲೈನ್ ನಿಲ್ಲುತ್ತದೆ, ಲೈನ್ ನಿಂತರೆ ಸೂಪರ್‌ವೈಸರ್ ಬೈಯುತ್ತಾರೆ. ಪೀಸು ವಾಪಸ್ ಬಂದ ಸುದ್ದಿ ಅವರಿಗೆ ತಿಳಿಯುತ್ತಿದ್ದುದು ಎರಡು ವಾರದ ನಂತರ, ಅದೂ ಮೆಮೊ ರೂಪದಲ್ಲಿ.

ಈಗ ಪೆಟ್ಟಿಗೆಗಳನ್ನು ಹೊಂದಿಸಿ ನೋಡಿ. ಮಾಹಿತಿ ಬೆನ್ನ ಹಿಂದಿತ್ತು, ತಡವಾಗಿ ಬರುತ್ತಿತ್ತು. ಸಲಕರಣೆ, ಅಂದರೆ ಬೆಳಕು ಮತ್ತು ಡಬ್ಬಿ, ಕಣ್ಣಿಗೆ ಮೋಸ ಮಾಡುತ್ತಿದ್ದವು. ನಿಂತು ಪರೀಕ್ಷಿಸಿದವರಿಗೆ ಸಿಗುತ್ತಿದ್ದ ಪ್ರತಿಫಲ ಬೈಗುಳ. ನಾನು ಮೂರು ಸಲ ತುಂಬಿಸಿದ್ದು ಮೊದಲೇ ತುಂಬಿದ್ದ ನಾಲ್ಕನೇ ಪೆಟ್ಟಿಗೆಯನ್ನು. ಟ್ಯೂಬ್‌ಲೈಟ್ ಬದಲಾಯಿತು, ಒಂದು ಡಬ್ಬಿ ಹಳದಿಯಾಗಿ ಎಡಕ್ಕೆ ಹೋಯಿತು, ಚಿತ್ರ ಕಣ್ಣೆದುರಿಗೆ ಬಂತು. ಆ ತಪ್ಪು ಮತ್ತೆ ಕೇಳಿಬಂದದ್ದು ಅಪರೂಪ. ಆ ಎರಡು ಮೆಮೊಗಳನ್ನು ವಾಪಸ್ ತೆಗೆಸಲು ಮಾತ್ರ ನನ್ನಿಂದ ಆಗಲಿಲ್ಲ. ಅದು ಈಗಲೂ ಮನಸ್ಸಿನಲ್ಲಿದೆ.

ಗೇರಿ ರಮ್ಲರ್ ಹೆಸರೂ ಕೇಳಿಬರುತ್ತದೆ. ಅವರು ಹೊಸದಾಗಿ ಏನು ಹೇಳಿದರು?

ರಮ್ಲರ್ 1969ರಲ್ಲಿ ಗಿಲ್ಬರ್ಟ್ ಜೊತೆ ಸೇರಿ ಪ್ರಾಕ್ಸಿಸ್ ಎಂಬ ಸಂಸ್ಥೆ ಕಟ್ಟಿದವರು, 2008ರಲ್ಲಿ ತೀರಿಕೊಂಡರು. ಗಿಲ್ಬರ್ಟ್ ಒಬ್ಬ ಕೆಲಸಗಾರನ ಸುತ್ತಲಿನ ನೆಲ ನೋಡಿದರೆ, ರಮ್ಲರ್ ಇಡೀ ಅಂಗಳ ನೋಡಿದರು. ಅಲನ್ ಬ್ರೇಶ್ ಜೊತೆ 1990ರಲ್ಲಿ ಬರೆದ ಪುಸ್ತಕದಲ್ಲಿ ಅವರು ತೋರಿಸಿದ್ದು, ಸಂಸ್ಥೆಯ ನಕ್ಷೆಯಲ್ಲಿ ವಿಭಾಗಗಳ ಚೌಕಗಳ ನಡುವೆ ಇರುವ ಖಾಲಿ ಜಾಗವನ್ನು. ಕೆಲಸ ಎಡವುವುದು ಅಲ್ಲಿ. ಸೇಲ್ಸ್‌ನವರು ತಮ್ಮ ಪಾಲಿನದು ಚೆನ್ನಾಗಿಯೇ ಮಾಡುತ್ತಾರೆ, ಸ್ಟೋರ್ಸ್‌ನವರೂ ಅಷ್ಟೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಕಾಗದ ಮೂರು ದಿನ ಮಲಗುತ್ತದೆ. ಆ ಮೂರು ದಿನಕ್ಕೆ ಯಾರೂ ಹೊಣೆಯಲ್ಲ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಒಂದು ಖಾತೆ ಬದಲಾವಣೆಗೆ ಓಡಾಡಿದವರಿಗೆ ಈ ಖಾಲಿ ಜಾಗದ ಪರಿಚಯ ಮಾಡಿಕೊಡಬೇಕಿಲ್ಲ.

ಸಂಸ್ಥೆ, ಪ್ರಕ್ರಿಯೆ, ಕೆಲಸಗಾರ ಎಂಬ ಮೂರು ಹಂತ. ಪ್ರತಿ ಹಂತಕ್ಕೂ ಗುರಿ, ವಿನ್ಯಾಸ, ನಿರ್ವಹಣೆ ಎಂಬ ಮೂರು ಪ್ರಶ್ನೆ. ಹೀಗೆ ಒಂಬತ್ತು ಮನೆಗಳ ಪಟ್ಟಿ ಅವರದು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಿಸಿನೆಸ್ ಅನಲಿಸ್ಟ್‌ಗಳು ದಿನವೂ ಬಿಡಿಸುವ ಸ್ವಿಮ್‌ಲೇನ್ ಚಿತ್ರ, ಅಂದರೆ ಕೆಲಸ ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ ಎಂದು ಸಾಲುಸಾಲಾಗಿ ತೋರಿಸುವ ನಕ್ಷೆ, ಇದೆಯಲ್ಲ, ಅದನ್ನು ಜನಪ್ರಿಯಗೊಳಿಸಿದ್ದು ಈ ರಮ್ಲರ್ ಮತ್ತು ಬ್ರೇಶ್ ಜೋಡಿ. ಒಳ್ಳೆಯ ಕೆಲಸಗಾರನನ್ನು ಕೆಟ್ಟ ವ್ಯವಸ್ಥೆಯ ಎದುರು ನಿಲ್ಲಿಸಿದರೆ ಹೆಚ್ಚುಕಡಿಮೆ ಪ್ರತಿ ಸಲವೂ ವ್ಯವಸ್ಥೆಯೇ ಗೆಲ್ಲುತ್ತದೆ ಎಂಬುದು ರಮ್ಲರ್ ಅವರ ಹೆಸರಾಂತ ಮಾತು. ನಾನು ಅದನ್ನು ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ರಾಬರ್ಟ್ ಮೇಗರ್ ಮತ್ತು ಜೋ ಹಾರ್ಲೆಸ್: ಇಬ್ಬರೂ ಹೇಳುವುದು ಒಂದೇ ಅನ್ನಿಸುತ್ತದೆ.

ಹತ್ತಿರದವರು ನಿಜ. ಮೇಗರ್ ಬರವಣಿಗೆ ಮಾತಾಡಿದಷ್ಟು ಸಲೀಸು. 1962ರಲ್ಲಿ ಅವರು ಪಾಠದ ಉದ್ದೇಶ ಬರೆಯುವುದು ಹೇಗೆಂದು ಹೇಳಿಕೊಟ್ಟರು: ಕಲಿತವರು ಏನು ಮಾಡಬಲ್ಲರು, ಯಾವ ಸ್ಥಿತಿಯಲ್ಲಿ, ಎಷ್ಟರ ಮಟ್ಟಿಗೆ. 'ವಿದ್ಯಾರ್ಥಿಗಳು ಅರ್ಥ ಮಾಡಿಕೊಳ್ಳುತ್ತಾರೆ' ಎಂದು ಬರೆದು ಕೈತೊಳೆದುಕೊಳ್ಳುವುದು ಅವರ ಬಳಿ ನಡೆಯುವುದಿಲ್ಲ. ಬಿ.ಎಡ್. ಮಾಡಿದವರು ಪಾಠಯೋಜನೆಯಲ್ಲಿ ಈ ಬಗೆಯ ಉದ್ದೇಶಗಳನ್ನು ಬರೆದೇ ಇರುತ್ತಾರೆ, ಹೆಸರು ಗೊತ್ತಿಲ್ಲದಿರಬಹುದು.

1970ರಲ್ಲಿ ಪೀಟರ್ ಪೈಪ್ ಜೊತೆ ಬರೆದ ಪುಸ್ತಕದಲ್ಲಿ ಅವರ ಅತ್ಯಂತ ಉಪಯುಕ್ತ ಪ್ರಶ್ನೆ ಇದೆ: ಜೀವ ಹೋಗುತ್ತದೆ ಎಂದರೆ ಈ ಮನುಷ್ಯ ಈ ಕೆಲಸ ಮಾಡಬಲ್ಲನೇ? ಮಾಡಬಲ್ಲನಾದರೆ ಅವನಿಗೆ ಕೆಲಸ ಬರುತ್ತದೆ, ತೊಂದರೆ ಬೇರೆಲ್ಲೋ ಇದೆ, ಟ್ರೈನಿಂಗ್ ಬೇಡ. ಒಂದೇ ಪ್ರಶ್ನೆಯಿಂದ ನಾನು ಎಷ್ಟೋ ಅನಗತ್ಯ ತರಗತಿಗಳನ್ನು ನಿಲ್ಲಿಸಿದ್ದೇನೆ. ಅದರ ಬೆನ್ನಿಗೇ ಇನ್ನೊಂದು: ಚೆನ್ನಾಗಿ ಮಾಡಿದವರಿಗೆ ಶಿಕ್ಷೆಯಾಗುತ್ತಿದೆಯೇ? ಬೇಗ ಮುಗಿಸುವ ಗುಮಾಸ್ತರ ಮೇಜಿಗೇ ಉಳಿದವರ ಕಡತಗಳೂ ಬಂದು ಬೀಳುತ್ತವೆಯಲ್ಲ, ಅಂಥದ್ದು.

ಹಾರ್ಲೆಸ್ ಗಿಲ್ಬರ್ಟ್ ಅವರ ಶಿಷ್ಯ. ಔಷಧಕ್ಕೆ ಮುಂಚೆ ರೋಗ ನೋಡುವ ಹಂತಕ್ಕೆ ಫ್ರಂಟ್ ಎಂಡ್ ಅನಾಲಿಸಿಸ್ ಎಂದು ಹೆಸರಿಟ್ಟವರು ಅವರೇ. ಜಾಬ್ ಏಡ್ ಎಂಬುದನ್ನೂ, ಅಂದರೆ ಕೆಲಸದ ಹೊತ್ತಿಗೆ ಕಣ್ಣೆದುರಿಗಿರುವ ಚೀಟಿ, ಪಟ್ಟಿ, ಚಿತ್ರಗಳನ್ನು, ತರಗತಿಗೆ ಸಮನಾಗಿ ಎತ್ತಿ ಹಿಡಿದರು. ತಲೆಯಲ್ಲಿ ತುಂಬಬೇಕಾದ್ದು ಯಾವುದು, ಗೋಡೆಗೆ ಅಂಟಿಸಿದರೆ ಸಾಕಾದ್ದು ಯಾವುದು ಎಂದು ವಿಂಗಡಿಸುವುದೇ ಅರ್ಧ ಕೆಲಸ. ಅಮೆರಿಕದ ಕೋಸ್ಟ್ ಗಾರ್ಡ್ ಇವರ ವಿಧಾನವನ್ನು ತನ್ನದಾಗಿಸಿಕೊಂಡಿತು.

ರೋಜರ್ ಕಾಫ್‌ಮನ್ ಅವರನ್ನು ಓದಿದರೆ ತಲೆ ತಿರುಗುತ್ತದೆ. ಬಿಡಬಹುದೇ?

ಶಬ್ದಜಾಲ ಹೆಚ್ಚು, ಒಪ್ಪುತ್ತೇನೆ. ಒಂದು ಮಾತನ್ನು ಮಾತ್ರ ಇಟ್ಟುಕೊಳ್ಳಿ. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದ ಕಾಫ್‌ಮನ್ ಪ್ರಕಾರ 'ಅಗತ್ಯ' ಎಂದರೆ ಫಲದಲ್ಲಿರುವ ಕೊರತೆ. ಕಂಪ್ಯೂಟರ್ ಬೇಕು, ಟ್ರೈನಿಂಗ್ ಬೇಕು ಎಂಬುದು ಅಗತ್ಯವಲ್ಲ, ಅದು ಪರಿಹಾರದ ಹೆಸರು. ಜೊತೆಗೆ, ಸಂಸ್ಥೆಯ ಲಾಭಕ್ಕೆ ನಿಲ್ಲಬೇಡಿ, ಹೊರಗಿನ ಸಮಾಜಕ್ಕೆ ಏನಾಯಿತು ಎಂಬುದನ್ನೂ ಲೆಕ್ಕಕ್ಕೆ ತನ್ನಿ ಎಂದು ಕೊನೆವರೆಗೂ ಹಟ ಹಿಡಿದರು. ಅದಕ್ಕೆ ಅವರಿಟ್ಟ ಹೆಸರು ಮೆಗಾ. ಕಾರ್ಖಾನೆ ಗುರಿ ಮುಟ್ಟಿತು, ಪಕ್ಕದ ಕೆರೆ ಸತ್ತಿತು ಎಂದರೆ ಅವರ ಲೆಕ್ಕದಲ್ಲಿ ಕೆಲಸ ಆಗಿಲ್ಲ.

ಕರ್ಕ್‌ಪ್ಯಾಟ್ರಿಕ್?

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ತರಬೇತಿಯ ಮೌಲ್ಯಮಾಪನದವರು. 1959ರಿಂದ ಬರೆದ ಲೇಖನಗಳಲ್ಲಿ ನಾಲ್ಕು ಹಂತ ಹೇಳಿದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಫಲ ಬಂತೇ. ನಮ್ಮಲ್ಲಿ ಊಟ ಹೇಗಿತ್ತು ಎಂದು ಕೇಳುವ ಫೀಡ್‌ಬ್ಯಾಕ್ ಫಾರ್ಮ್‌ಗೆ ಮೌಲ್ಯಮಾಪನ ಮುಗಿದುಹೋಗುತ್ತದೆ.

ಪಟ್ಟಿಯಲ್ಲಿ ಬರೀ ಗಂಡಸರೇ ಇದ್ದಾರಲ್ಲ?

ಹಾಗೆ ಬರೆದ ಪಟ್ಟಿಗಳು ಅಪೂರ್ಣ. ಸೂಸನ್ ಮಾರ್ಕಲ್ ಪಾಠವನ್ನು ಕಲಿಯುವವರ ಮುಂದಿಟ್ಟು, ಅವರು ಎಡವಿದ ಕಡೆಯೆಲ್ಲ ಪಾಠವನ್ನೇ ತಿದ್ದಬೇಕು ಎಂಬುದನ್ನು ಶಿಸ್ತಾಗಿ ಬೆಳೆಸಿದರು. ತಪ್ಪು ಮಗುವಿನದಲ್ಲ, ಪಾಠದ್ದು ಎಂಬ ಆ ನಿಲುವಿನಲ್ಲೇ ಎಚ್‌ಪಿಟಿಯ ಬೀಜವಿದೆ. ಗ್ಲೋರಿಯಾ ಗೆರಿ 1990ರ ದಶಕದ ಆರಂಭದಲ್ಲೇ, ಕೆಲಸ ಮಾಡುವಾಗಲೇ ಕಂಪ್ಯೂಟರ್ ಸಹಾಯ ನೀಡಬೇಕು, ಅದಕ್ಕೆಂದು ತರಗತಿಗೆ ಎದ್ದುಹೋಗುವಂತಿರಬಾರದು ಎಂದು ವಾದಿಸಿದರು. ಇವತ್ತು ಆ್ಯಪ್‌ಗಳು ಹೆಜ್ಜೆಹೆಜ್ಜೆಗೂ ತೋರಿಸಿಕೊಡುವುದು ಅದನ್ನೇ. ಸ್ಯಾನ್ ಡಿಯೆಗೊ ಸ್ಟೇಟ್ ಯೂನಿವರ್ಸಿಟಿಯ ಆಲಿಸನ್ ರೋಸೆಟ್ ಅಗತ್ಯ ವಿಶ್ಲೇಷಣೆ ಮತ್ತು ಜಾಬ್ ಏಡ್ ಎರಡರಲ್ಲೂ ದೊಡ್ಡ ಹೆಸರು. ಎರಿಕಾ ಕೀಪ್ಸ್, ಹೆರಾಲ್ಡ್ ಸ್ಟೊಲೊವಿಚ್ ಜೊತೆ ಸೇರಿ 1992ರಲ್ಲಿ ಈ ಕ್ಷೇತ್ರದ ಕೈಪಿಡಿಯನ್ನು ಸಂಪಾದಿಸಿದರು.

ಭಾರತೀಯರು ಯಾರಾದರೂ?

ಶಿವಶೈಲಂ ತ್ಯಾಗರಾಜನ್. ಅಲ್ಲಿನವರಿಗೆ 'ತ್ಯಾಗಿ'. ಚೆನ್ನೈನವರು, ಅಲ್ಲಿ ಶಾಲಾ ಮೇಷ್ಟ್ರಾಗಿದ್ದು ಆಮೇಲೆ ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿಗೆ ಹೋಗಿ ಬ್ಲೂಮಿಂಗ್ಟನ್‌ನಲ್ಲಿ ನೆಲೆಸಿದರು. ಐಎಸ್‌ಪಿಐ ಅಧ್ಯಕ್ಷರೂ ಆದರು. ಯಾವ ವಿಷಯ ಹಾಕಿದರೂ ಆಡಬಹುದಾದ ಆಟದ ಚೌಕಟ್ಟುಗಳು ಅವರ ಕೊಡುಗೆ.

ನಮ್ಮ ದೇಶದೊಳಗೆ ಈ ಪ್ರಶ್ನೆಗಳು ಬೇರೆ ಬಾಗಿಲಿನಿಂದ ಬಂದವು. ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ 1970ರ ದಶಕದ ಮಧ್ಯದಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಗೆ ಮಾನವ ಸಂಪನ್ಮೂಲ ಅಭಿವೃದ್ಧಿಯ ಏರ್ಪಾಡು ರೂಪಿಸಿಕೊಟ್ಟರು. ಇಬ್ಬರೂ ಎಚ್‌ಪಿಟಿ ಎಂಬ ಹೆಸರಿನಡಿ ಬರುವುದಿಲ್ಲ, ನೆರೆಮನೆಯವರು ಎನ್ನಬಹುದು. ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಸರ್ಕಾರಿ ತರಬೇತುದಾರರಿಗೆ ನಡೆಸುವ ತರಬೇತಿ ಅಗತ್ಯ ವಿಶ್ಲೇಷಣೆಯ ಕೋರ್ಸಿನಲ್ಲಿ ಪರಿಸರ, ಪ್ರೇರಣೆ, ವರ್ತನೆ ಎಂದು ಕಾರಣಗಳನ್ನು ಮೂರಾಗಿ ವಿಂಗಡಿಸಲು ಕಲಿಸುತ್ತಾರೆ. ಆ ಕೋರ್ಸ್ ಮಾಡಿದವರಿಗೆ ಗಿಲ್ಬರ್ಟ್ ಪೆಟ್ಟಿಗೆಗಳು ಹೊಸದೆನ್ನಿಸುವುದಿಲ್ಲ.

ಕರ್ನಾಟಕದಲ್ಲಿ ನಡೆದ, ಅಳೆದು ನೋಡಿದ ಉದಾಹರಣೆ ಇದೆಯೇ?

ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಕಲಿಸುವ ಕಥೆ ಇನ್ನೊಂದಿಲ್ಲ.

ಹಿನ್ನೆಲೆ ಇಷ್ಟು: ಶಸ್ತ್ರವೈದ್ಯ ಅತುಲ್ ಗವಾಂಡೆ ಅವರ ನೇತೃತ್ವದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ದೆಹಲಿಯದೂ ಸೇರಿ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಗವಾಂಡೆ ತಮ್ಮನ್ನು ಎಚ್‌ಪಿಟಿಯವರು ಎಂದು ಕರೆದುಕೊಂಡವರಲ್ಲ. ಆದರೆ ಹಾರ್ಲೆಸ್ ಹೇಳಿದ ಜಾಬ್ ಏಡ್ ಎಂದರೆ ಇದೇ.

ಅದೇ ಬಗೆಯಲ್ಲಿ ಹೆರಿಗೆಗೆ ಒಂದು ಚೆಕ್‌ಲಿಸ್ಟ್ ಸಿದ್ಧವಾಯಿತು. ಅದನ್ನು ಆರಂಭದಲ್ಲಿ ಪರೀಕ್ಷಿಸಿದ್ದು ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಕೇಂದ್ರದಲ್ಲಿ. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೈ ತೊಳೆಯುವುದು, ಬಿ.ಪಿ. ನೋಡುವುದು, ಮಗುವನ್ನು ಬೆಚ್ಚಗಿಡುವುದು, ಇಂಥ 29 ಅಗತ್ಯ ಕ್ರಮಗಳಲ್ಲಿ ಮೊದಲು ಪ್ರತಿ ಹೆರಿಗೆಗೆ ಸರಾಸರಿ 10 ನಡೆಯುತ್ತಿದ್ದವು. ಚೆಕ್‌ಲಿಸ್ಟ್ ಬಂದ ಮೇಲೆ 25. ದಾದಿಯರು ಅವರೇ, ಕೇಂದ್ರವೂ ಅದೇ. ಒಂದು ಹಾಳೆ, ಅದನ್ನು ಬಳಸಲು ಬೆಂಬಲ, ಅಷ್ಟೆ.

ಮುಂದಿನ ಅಧ್ಯಾಯ ಉತ್ತರ ಪ್ರದೇಶದಲ್ಲಿ. 24 ಜಿಲ್ಲೆಗಳ 120 ಕೇಂದ್ರಗಳು, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರು. ಅರ್ಧ ಕೇಂದ್ರಗಳಿಗೆ ಚೆಕ್‌ಲಿಸ್ಟ್, ಜೊತೆಗೆ ಎಂಟು ತಿಂಗಳು ಹತ್ತಿರ ನಿಂತು ಹೇಳಿಕೊಡುವ ಕೋಚ್‌ಗಳು. ಎರಡು ತಿಂಗಳಿಗೆ ಅಗತ್ಯ ಕ್ರಮಗಳ ಪಾಲನೆ ಅಲ್ಲಿ ಶೇ 72.8 ಇತ್ತು, ಉಳಿದ ಕೇಂದ್ರಗಳಲ್ಲಿ ಶೇ 41.7. ಕೋಚ್‌ಗಳು ಹೋದ ಮೇಲೆ ಸ್ವಲ್ಪ ಇಳಿಯಿತು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ನಿಜವಾದ ಪ್ರಶ್ನೆ ತಾಯಿ ಮಗು ಉಳಿದರೇ ಎಂಬುದು. ಸಾವು ಮತ್ತು ತೀವ್ರ ತೊಂದರೆಗಳಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಗಿಲ್ಬರ್ಟ್ ಮಾಡಿದ ಭೇದವನ್ನು ಇಲ್ಲಿ ನೆನಪಿಸಿಕೊಳ್ಳಿ. ವರ್ತನೆ ಬದಲಾಯಿತು, ಸಾಧನೆ ಬದಲಾಗಲಿಲ್ಲ. ಹಾಳೆ ತುಂಬಿಸಿದ್ದು ಮಾಹಿತಿಯ ಪೆಟ್ಟಿಗೆಯನ್ನು. ತೊಂದರೆ ಗುರುತಿಸಿದ ದಾದಿಗೆ ಆ ಗಳಿಗೆಯಲ್ಲಿ ಬೇಕಾದ ಔಷಧ, ವೈದ್ಯರು, ದೊಡ್ಡ ಆಸ್ಪತ್ರೆಗೆ ಒಯ್ಯುವ ವಾಹನ, ಇವು ಹಾಳೆಯಲ್ಲಿ ಹುಟ್ಟುವುದಿಲ್ಲ. ಇದು ನನ್ನ ಓದು. ಅಧ್ಯಯನ ಮಾಡಿದವರೂ ಕೌಶಲ ಮತ್ತು ವ್ಯವಸ್ಥೆಯ ಕೊರತೆಗಳತ್ತ ಬೆರಳು ಮಾಡಿದ್ದಾರೆ. ಸೋಲನ್ನು ಮುಚ್ಚಿಡದೆ ಅಂಕಿಗಳ ಸಮೇತ ಮುಂದಿಟ್ಟರಲ್ಲ, ಅದಕ್ಕೆ ಅವರ ಬಗ್ಗೆ ನನಗೆ ಗೌರವ.

ಶೇ 80ರಷ್ಟು ತಪ್ಪು ವ್ಯವಸ್ಥೆಯದೇ ಅನ್ನುತ್ತಾರೆ. ಶೇ 94 ಅನ್ನುವವರೂ ಇದ್ದಾರೆ. ಯಾವುದು ನಿಜ?

94 ಎಂಬುದು ಗುಣಮಟ್ಟದ ಗುರು ಎಡ್ವರ್ಡ್ಸ್ ಡೆಮಿಂಗ್ ಅವರದು, ತಮ್ಮ ಅನುಭವದ ಅಂದಾಜು ಎಂದೇ ಅವರು ಅದನ್ನು ಹೇಳಿದ್ದು. 80ರ ಮಾತೂ ಅನುಭವದ್ದೇ. ಎಲ್ಲ ಕೆಲಸಕ್ಕೂ ಅನ್ವಯಿಸುವ ನಿಯಮವೆಂದು ಪ್ರೆಸೆಂಟೇಷನ್‌ನಲ್ಲಿ ಹಾಕಬೇಡಿ. ನಿಮ್ಮ ಜಾಗದಲ್ಲಿ ಎಷ್ಟು ಎಂದು ನೀವೇ ಎಣಿಸಿ.

ಹಾಗಾದರೆ ಕೆಲಸಗಾರನ ತಪ್ಪು ಅಂತ ಇರುವುದೇ ಇಲ್ಲವೇ?

ಇರುತ್ತದೆ. ಸೋಮಾರಿತನವೂ ಇದೆ, ಬೇಕೆಂದೇ ಕೆಡಿಸುವವರೂ ಇದ್ದಾರೆ. ಕೆಲವರಿಗೆ ನಿಜವಾಗಿಯೂ ಕೆಲಸ ಬರುವುದಿಲ್ಲ, ಅವರಿಗೆ ಒಳ್ಳೆಯ ತರಬೇತಿಯೇ ಔಷಧ. ಎಚ್‌ಪಿಟಿ ಕಟ್ಟಿದವರಲ್ಲಿ ಯಾರೂ ತರಬೇತಿ ಬೇಡ ಎಂದವರಲ್ಲ. ನೆಲ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ ಕಾಲಿನ ಮಾತಿಗೆ ಬನ್ನಿ ಎಂದಷ್ಟೇ ಅವರು ಕೇಳಿದ್ದು.

ಇವರ ಮೇಲಿನ ಟೀಕೆಗಳು?

ಎರಡನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಒಂದು, ಮನುಷ್ಯನನ್ನು ಹೊರಗಿನ ವರ್ತನೆಯಿಂದ ಅಳೆಯುವ ಸ್ಕಿನ್ನರ್ ಮನೆತನದ ಗುಣ ಇವರಲ್ಲಿ ಉಳಿದಿದೆ. ಕೆಲಸದ ಬಗೆಗಿನ ಹೆಮ್ಮೆ, ಒಟ್ಟಿಗೆ ದುಡಿಯುವವರ ಸ್ನೇಹ, ಜಾತಿ ಮತ್ತು ಲಿಂಗದ ಏರುಪೇರು, ಇವು ಪೆಟ್ಟಿಗೆಗಳಲ್ಲಿ ಹಿಡಿಯುವುದಿಲ್ಲ. ನಮ್ಮ ಕಾರ್ಖಾನೆಗಳಲ್ಲಿ ಯಾರ ಮಾತನ್ನು ಸೂಪರ್‌ವೈಸರ್ ಕೇಳಿಸಿಕೊಳ್ಳುತ್ತಾರೆ ಎಂಬುದೇ ದೊಡ್ಡ ಸಂಗತಿ. ಎರಡು, 'ಫಲ' ಯಾವುದು ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ಮಾಲೀಕರು. ಕಾಫ್‌ಮನ್ ಅದನ್ನು ಪ್ರಶ್ನಿಸಿದರು, ಅವರ ಮಾತನ್ನು ಕಂಪನಿಗಳು ಅಷ್ಟಾಗಿ ಎತ್ತಿಕೊಳ್ಳಲಿಲ್ಲ.

ಸಿಪಿಟಿ ಸರ್ಟಿಫಿಕೇಟ್ ಮಾಡಬೇಕೇ?

ಸಿಪಿಟಿ ಅಂದರೆ ಸರ್ಟಿಫೈಡ್ ಪರ್ಫಾರ್ಮೆನ್ಸ್ ಟೆಕ್ನಾಲಜಿಸ್ಟ್, ಐಎಸ್‌ಪಿಐ 2002ರಲ್ಲಿ ಶುರುಮಾಡಿದ್ದು ಅದು. ಬಾಯಿಪಾಠದ ಪರೀಕ್ಷೆಯಿಲ್ಲ, ನೀವು ನಿಜವಾಗಿ ಮಾಡಿದ ಕೆಲಸವನ್ನು ಹತ್ತು ಮಾನದಂಡಗಳಿಗೆ ಹೊಂದಿಸಿ ತೋರಿಸಬೇಕು ಎಂಬ ಪದ್ಧತಿಯದು. ಶುಲ್ಕ ಡಾಲರ್‌ನಲ್ಲಿ. ವಿದೇಶದ ಗ್ರಾಹಕರಿಗೆ ಕೆಲಸ ಮಾಡುವವರಿಗೆ ಉಪಯೋಗವಾದೀತು. ಉಳಿದವರು ಆ ಹತ್ತು ಮಾನದಂಡಗಳನ್ನು ಓದಿಕೊಂಡರೂ ಸಾಕಷ್ಟು ಲಾಭವಿದೆ.

ನಾನು ಹೊಸ ಟ್ರೈನರ್. ಮ್ಯಾನೇಜರ್ 'ಮುಂದಿನ ವಾರ ಎರಡು ದಿನ ಟ್ರೈನಿಂಗ್ ಇಡಿ' ಅಂದರೆ ಗಿಲ್ಬರ್ಟ್, ರಮ್ಲರ್ ಎಂದೆಲ್ಲ ಹೇಳಲಾದೀತೇ?

ಆ ಹೆಸರುಗಳನ್ನು ಎತ್ತಲೇಬೇಡಿ. ಆಗುವುದಿಲ್ಲ ಎಂದೂ ಹೇಳಬೇಡಿ. "ಆಯ್ತು ಸಾರ್, ಮಾಡೋಣ. ಅದಕ್ಕೆ ಮುಂಚೆ ನಂಗೆ ಒಂದು ದಿನ ಕೊಡಿ, ಲೈನ್ ಹತ್ರ ಇದ್ದು ಬರ್ತೀನಿ, ಪಾಠಕ್ಕೆ ಉದಾಹರಣೆ ಬೇಕಲ್ಲ" ಅನ್ನಿ. ಇದು ಸುಳ್ಳೂ ಅಲ್ಲ, ಉದಾಹರಣೆ ಬೇಕೇ ಬೇಕು. ಹೋಗಿ, ಚೆನ್ನಾಗಿ ಮಾಡುವವರ ಪಕ್ಕ ಅರ್ಧ ದಿನ, ತಪ್ಪು ಹೆಚ್ಚಿರುವ ಜಾಗದಲ್ಲಿ ಅರ್ಧ ದಿನ ಕೂರಿ. ತಪ್ಪು ರಾತ್ರಿ ಪಾಳಿಯದಾದರೆ ರಾತ್ರಿಯೇ ಹೋಗಿ. ಇವತ್ತು ಮಾಡಿದ್ದು ಸರಿಯಾಯಿತು ಎಂದು ನಿಮಗೆ ಯಾವಾಗ ಗೊತ್ತಾಗುತ್ತದೆ ಎಂದು ಕೇಳಿ. ಯಾವ ಸಾಮಾನು ಕೈಕೊಡುತ್ತದೆ ಎಂದು ಕೇಳಿ. ನಿಧಾನವಾಗಿ, ಸರಿಯಾಗಿ ಮಾಡಿದರೆ ಯಾರಾದರೂ ಏನಾದರೂ ಅನ್ನುತ್ತಾರೆಯೇ ಎಂದು ಕೇಳಿ. ಈ ಮೂರನೇ ಪ್ರಶ್ನೆಗೆ ಸೂಪರ್‌ವೈಸರ್ ಎದುರಿಗಿದ್ದರೆ ಉತ್ತರ ಬರುವುದಿಲ್ಲ, ಟೀ ಬ್ರೇಕ್‌ನಲ್ಲಿ ಕೇಳಿ. ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಪ್ರತಿಯೊಂದಕ್ಕೂ ತಗುಲುವ ಖರ್ಚು ಬರೆದು, ಟ್ರೈನಿಂಗ್ ಖರ್ಚನ್ನು ಕೊನೆಯ ಸಾಲಿನಲ್ಲಿಟ್ಟು ಮ್ಯಾನೇಜರ್ ಮುಂದಿಡಿ.